ಎರಡು ಟರ್ಬೊದಿಂದ ಒಂದಕ್ಕೆ: ನನ್ನ ಅರಿಸ್ಟೊ ಜೊತೆ 11 ವರ್ಷ

ಈ ಕಾರನ್ನು ನಾನು ಕೊಂಡಿದ್ದು 2014ರಲ್ಲಿ, ಆಕ್ಲೆಂಡ್‌ನಲ್ಲಿ. 1999ರ ಟೊಯೋಟಾ ಅರಿಸ್ಟೊ ವಿ300. ಜಪಾನಿನಲ್ಲಿ ಓಡಿ, ಸೆಕೆಂಡ್ ಹ್ಯಾಂಡ್ ಆಗಿ ನ್ಯೂಜಿಲೆಂಡಿಗೆ ಬಂದ ಕಾರು. ಆಗ ಮೀಟರ್ 1,12,000 ಕಿ.ಮೀ. ತೋರಿಸುತ್ತಿತ್ತು. ಇವತ್ತು 2,31,000. ಇದೇ ಎಂಜಿನ್ ಮೇಲೆ ಮೂರು ಥರದ ಟರ್ಬೊ (ಎಂಜಿನ್ನಿಗೆ ಗಾಳಿ ಊದುವ ಯಂತ್ರ) ಓಡಿಸಿದ್ದೇನೆ. ಮೊದಲ 61,000 ಕಿ.ಮೀ. ಕಂಪನಿಯಿಂದಲೇ ಬಂದ ಜೋಡಿ ಟರ್ಬೊ. ಆಮೇಲೆ 14,000 ಕಿ.ಮೀ. ಒಂದು ದೊಡ್ಡ ಸಿಂಗಲ್. ಈಗ 44,000 ಕಿ.ಮೀ. ಆಯಿತು, ಒಂದು ಚಿಕ್ಕ ಸಿಂಗಲ್.

ಹಾಸನದ ಗೆಳೆಯರಿಂದ ಹಿಡಿದು ಇಲ್ಲಿನ ಕನ್ನಡ ಹುಡುಗರ ತನಕ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಸಿಂಗಲ್ ಒಳ್ಳೆಯದಾ, ಟ್ವಿನ್ ಒಳ್ಳೆಯದಾ? ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಎಂಜಿನ್ ಬಗ್ಗೆ. ಅರಿಸ್ಟೊ ನೋಡಲು ಸಾಧಾರಣ ನಾಲ್ಕು ಬಾಗಿಲಿನ ಸೆಡಾನ್. ಜಪಾನಿನ ಹೊರಗೆ ಇದೇ ಕಾರು ಲೆಕ್ಸಸ್ ಜಿಎಸ್ ಎಂಬ ಹೆಸರಲ್ಲಿ ಮಾರಾಟವಾಯಿತು. ಆದರೆ ವಿ300 ಮಾಡೆಲ್‌ನ ಬಾನೆಟ್ ಎತ್ತಿದರೆ ಒಳಗಿರುವುದು 2ಜೆಝಡ್-ಜಿಟಿಇ. ಟೊಯೋಟಾದ ಸ್ಪೋರ್ಟ್ಸ್ ಕಾರು ಸುಪ್ರಾದಲ್ಲಿದ್ದ ಅದೇ ಎಂಜಿನ್. 2,997 ಸಿಸಿ, ಸಾಲಾಗಿ ಆರು ಸಿಲಿಂಡರ್, ಕಬ್ಬಿಣದ ಬ್ಲಾಕ್. ಬೋರ್ 86 ಮಿ.ಮೀ., ಸ್ಟ್ರೋಕೂ 86 ಮಿ.ಮೀ. ಕಾಗದದ ಮೇಲೆ 280 ಪಿಎಸ್ (ಅಶ್ವಶಕ್ತಿ). ಆ ಕಾಲದಲ್ಲಿ ಜಪಾನಿನ ಕಂಪನಿಗಳೆಲ್ಲ 280ಕ್ಕಿಂತ ಮೇಲೆ ಹೇಳಿಕೊಳ್ಳುವುದಿಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು. ಸುಪ್ರಾ ಬೆಲೆ ನನ್ನ ಕೈಗೆ ಎಟುಕುತ್ತಿರಲಿಲ್ಲ. ಇದರಲ್ಲಿ ಅದೇ ಎಂಜಿನ್ ಇತ್ತು, ಹಿಂದೆ ಮಗಳ ಸೀಟ್ ಕಟ್ಟಲು ಜಾಗವೂ ಇತ್ತು. ಬೇರೆ ಯೋಚನೆ ಮಾಡಲಿಲ್ಲ.

ಟರ್ಬೊ ಎಂದರೆ ಏನು ಎಂದು ಅಮ್ಮ ಒಮ್ಮೆ ಕೇಳಿದ್ದರು. ಕುಲುಮೆಯ ತಿದಿ ಇದ್ದ ಹಾಗೆ ಅಂದೆ. ಬೆಂಕಿಗೆ ಗಾಳಿ ಊದಿದಷ್ಟೂ ಉರಿ ಜಾಸ್ತಿ. ಇಲ್ಲಿ ಆ ತಿದಿಯನ್ನು ಒತ್ತುವುದು ಎಂಜಿನ್ನಿನದೇ ಹೊಗೆ. ಚಿಕ್ಕ ತಿದಿಯಾದರೆ ಬೇಗ ಊದುತ್ತದೆ, ಆದರೆ ದೊಡ್ಡ ಬೆಂಕಿಗೆ ಸಾಲುವುದಿಲ್ಲ. ದೊಡ್ಡ ತಿದಿ ಸಾಕಷ್ಟು ಊದುತ್ತದೆ, ಆದರೆ ಅದನ್ನು ಒತ್ತಲು ಹೊತ್ತು ಬೇಕು. ಸಿಂಗಲ್ಲಾ ಟ್ವಿನ್ನಾ ಎಂಬ ಜಗಳವೆಲ್ಲ ಇಷ್ಟರಿಂದಲೇ ಹುಟ್ಟಿದ್ದು.

ಟ್ವಿನ್ ಅಂದರೂ ಎಲ್ಲವೂ ಒಂದೇ ಅಲ್ಲ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26ರಲ್ಲಿ ಮೂರು ಮೂರು ಸಿಲಿಂಡರಿಗೆ ಒಂದೊಂದು ಟರ್ಬೊ. ಎರಡೂ ಒಂದೇ ಅಳತೆಯವು, ಒಟ್ಟಿಗೇ ಕೆಲಸ ಮಾಡುತ್ತವೆ. ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ. ಇದು ಪ್ಯಾರಲಲ್. ನನ್ನ ಅರಿಸ್ಟೊದಲ್ಲಿ ಇದ್ದದ್ದು ಸೀಕ್ವೆನ್ಷಿಯಲ್. ಇಲ್ಲಿ ಮೊದಲು ಒಂದೇ ಎತ್ತು ಎಳೆಯುತ್ತದೆ, ಏರು ಬಂದಾಗ ಇನ್ನೊಂದು ಸೇರಿಕೊಳ್ಳುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಆರೂ ಸಿಲಿಂಡರಿನ ಹೊಗೆ ಮೊದಲನೆಯ ಟರ್ಬೊಗೇ ಹೋಗುತ್ತದೆ. ಎಲ್ಲ ಹೊಗೆಯೂ ಒಂದಕ್ಕೇ ಸಿಗುವುದರಿಂದ ಅದು ಬೇಗ ತಿರುಗುತ್ತದೆ. 3,500ರ ಆಸುಪಾಸಿನಲ್ಲಿ ಒಂದು ಚಿಕ್ಕ ವಾಲ್ವ್ ತೆರೆದು ಎರಡನೆಯದಕ್ಕೂ ಸ್ವಲ್ಪ ಹೊಗೆ ಬಿಡುತ್ತದೆ. ಅದು ಅಷ್ಟರಲ್ಲೇ ಸುತ್ತಲು ಶುರುಮಾಡಿರಲಿ ಎಂದು. 4,000ದ ಹತ್ತಿರ ದೊಡ್ಡ ವಾಲ್ವ್ ಪೂರ್ತಿ ತೆರೆಯುತ್ತದೆ. ಆಮೇಲೆ ಎರಡೂ ಸೇರಿ ಊದುತ್ತವೆ.

ಇದು ಸರಿಯಾಗಿ ಕೆಲಸ ಮಾಡುವಾಗ ಎಷ್ಟು ಚಂದ ಅಂದರೆ, ಬಿಟ್ಟುಕೊಡಲು ಮನಸ್ಸೇ ಬರುವುದಿಲ್ಲ. ಆಕ್ಲೆಂಡ್ ದಾಟಿ ದಕ್ಷಿಣಕ್ಕೆ ಹೋಗುವಾಗ ಬಾಂಬೆ ಹಿಲ್ಸ್ ಎಂಬ ಏರು ಸಿಗುತ್ತದೆ. ಅಲ್ಲಿ ಗೇರ್ ಇಳಿಸದೆಯೇ, 2,500 ಆರ್‌ಪಿಎಂನಲ್ಲೇ, ಕಾರು ಸುಮ್ನೆ ಹತ್ತಿಬಿಡುತ್ತಿತ್ತು. ಟೌರಂಗಾಕ್ಕೆ ಹೋಗುವ ಕೈಮಾಯ್ ಘಾಟಿಯಲ್ಲಿ ತಿರುವಿಂದ ತಿರುವಿಗೆ ಎಳೆತ ಒಂದೇ ಸಮ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದವಳು ಮಲಗಿಯೇ ಇರುತ್ತಿದ್ದಳು. ಕಾರಿನ ನಯ ಅಳೆಯಲು ನನಗೆ ಅವಳ ನಿದ್ದೆಗಿಂತ ಒಳ್ಳೆಯ ಮೀಟರ್ ಸಿಗಲಿಲ್ಲ. ಚಿಕ್ಕಂದಿನಲ್ಲಿ ಶಿರಾಡಿ ಘಾಟಿ ಹತ್ತುವ ಲಾರಿಗಳ ಟರ್ಬೊ ಶಿಳ್ಳೆ ಕೇಳಿ ಬೆಳೆದವನು ನಾನು. ಆ ಶಿಳ್ಳೆ ಇಲ್ಲಿ ಎರಡು ಸಲ ಕೇಳುತ್ತಿತ್ತು, ಒಮ್ಮೆ ಕೆಳಗೆ, ಒಮ್ಮೆ 4,000ದಲ್ಲಿ. ಅಷ್ಟೇ ವ್ಯತ್ಯಾಸ.

ಎಕ್ಸಾಸ್ಟ್ ಬದಲಿಸಿ, ಬೂಸ್ಟ್ (ಟರ್ಬೊ ಊದುವ ಗಾಳಿಯ ಒತ್ತಡ) 0.9 ಬಾರ್‌ಗೆ ಇಟ್ಟಾಗ ಬಲ ಅಳೆಯುವ ಡೈನೊ ಯಂತ್ರದಲ್ಲಿ ಹಿಂದಿನ ಚಕ್ರಕ್ಕೆ 218 ಕಿಲೋವ್ಯಾಟ್ ಬಂತು. ಅಲ್ಲಿಗೇ ನಿಲ್ಲಿಸಿದೆ. ಜಪಾನಿನ ಮಾಡೆಲ್‌ಗಳ ಟರ್ಬೊದಲ್ಲಿ ಹೊಗೆಯಿಂದ ತಿರುಗುವ ಚಕ್ರ ಸೆರಾಮಿಕ್‌ನದು. ಹಗುರ, ಅದಕ್ಕೇ ಬೇಗ ತಿರುಗುತ್ತದೆ. ಆದರೆ 1 ಬಾರ್ ದಾಟಿ ಒತ್ತಿದರೆ ಮುರಿಯುವ ಭಯ. ಹೊರದೇಶಕ್ಕೆ ಹೋದ ಸುಪ್ರಾಗಳಲ್ಲಿ ಇದೇ ಚಕ್ರ ಉಕ್ಕಿನದು, ಅದು ಇನ್ನಷ್ಟು ತಡೆಯುತ್ತದೆ. ನಿಮ್ಮದು ಯಾವುದು ಎಂದು ನೋಡಿಕೊಳ್ಳದೆ ಬೂಸ್ಟ್ ಏರಿಸಬೇಡಿ.

ಐದನೇ ವರ್ಷ ತೊಂದರೆ ಶುರುವಾಯಿತು. 4,000 ಆರ್‌ಪಿಎಂ ತನಕ ಎಲ್ಲ ಸರಿ. ಅಲ್ಲಿ ಬೂಸ್ಟ್ ಮುಳ್ಳು 0.8ರಿಂದ ದಬಕ್ಕನೆ 0.2ಕ್ಕೆ ಬೀಳುತ್ತಿತ್ತು, ಮತ್ತೆ ಏಳುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಎರಡು ದಿನ ಇಟ್ಟುಕೊಂಡು ಟರ್ಬೊ ಎರಡೂ ಹೋಗಿವೆ ಅಂದರು. 4,800 ಡಾಲರ್ ಆಗುತ್ತದೆ ಎಂದು ಚೀಟಿ ಕೊಟ್ಟರು. ನನಗೆ ನಂಬಿಕೆ ಬರಲಿಲ್ಲ. ಹೊಗೆ ಇಲ್ಲ, ಆಯಿಲ್ ಕುಡಿಯುತ್ತಿಲ್ಲ, ಶಾಫ್ಟ್ ಅಲುಗಾಟವೂ ಇಲ್ಲ. ಆಮೇಲೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕೈ ಪಂಪ್ ಹಿಡಿದು ಒಂದೊಂದೇ ವ್ಯಾಕ್ಯೂಮ್ ಹೋಸ್ ಪರೀಕ್ಷೆ ಮಾಡಿದರು. ಎರಡನೆಯ ಟರ್ಬೊದ ವಾಲ್ವ್ ತೆರೆಯುವ ಆಕ್ಚುವೇಟರ್‌ಗೆ ಹೋಗುವ ಹೋಸ್ ಸೀಳಿತ್ತು. ಬೆರಳುದ್ದದ ರಬ್ಬರ್ ತುಂಡು, ಅಷ್ಟೇ.

ಸೀಕ್ವೆನ್ಷಿಯಲ್ ಟ್ವಿನ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ನೆನಪಿಡಿ. 4,000ದಲ್ಲಿ ಬೂಸ್ಟ್ ಬಿದ್ದರೆ ಮೊದಲು ಹೋಸ್ ನೋಡಿ, ಆಮೇಲೆ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್), ಆಮೇಲೆ ಆಕ್ಚುವೇಟರ್. ಟರ್ಬೊ ಕೊನೆಗೆ. ಮಜ್ದಾ ಆರ್‌ಎಕ್ಸ್-7 ಎಫ್‌ಡಿ ಇಟ್ಟುಕೊಂಡಿರುವವರಿಗೂ ಇದೇ ಮಾತು, ಅದರಲ್ಲಿ ಹೋಸ್‌ಗಳ ಬಲೆ ಇನ್ನೂ ಜಾಸ್ತಿ. ಸಿಲಿಕಾನ್ ಹೋಸ್ ತಂದು ಎಲ್ಲವನ್ನೂ ಒಂದೇ ಸಲ ಬದಲಿಸಿ. ನಾನು ಹಾಗೆ ಮಾಡಲಿಲ್ಲ, ಸೀಳಿದ್ದನ್ನು ಮಾತ್ರ ಬದಲಿಸಿದೆ. ಎಂಟು ತಿಂಗಳಲ್ಲಿ ಇನ್ನೊಂದು ಸೀಳಿತು. ಆಮೇಲೆ ಒಂದು ಸೊಲೆನಾಯ್ಡ್ ಅಂಟಿಕೊಂಡಿತು. ಟರ್ಬೊದ ಕೆಳಗೆ ಕೈ ಹೋಗದ ಜಾಗದಲ್ಲಿ ಇವೆಲ್ಲ ಇರುತ್ತವೆ. 20 ವರ್ಷದ ಬಿಸಿಗೆ ರಬ್ಬರ್ ಬಿಸ್ಕತ್ತಿನ ಹಾಗೆ ಆಗಿರುತ್ತದೆ.

ಈ ಮಧ್ಯೆ ಖರ್ಚಿಲ್ಲದ ಒಂದು ದಾರಿ ನೋಡಿದೆ. ವಾಲ್ವ್‌ಗಳನ್ನು ಕಾಯಂ ತೆರೆದಿಟ್ಟು, ಎರಡೂ ಟರ್ಬೊ ಯಾವಾಗಲೂ ಒಟ್ಟಿಗೇ ಊದುವ ಹಾಗೆ ಮಾಡುವುದು. ಇಲ್ಲಿನವರು ಟಿಟಿಸಿ (ಟ್ರೂ ಟ್ವಿನ್ ಕನ್ವರ್ಷನ್) ಅನ್ನುತ್ತಾರೆ. ಸೀಕ್ವೆನ್ಷಿಯಲ್ ಹೋಗಿ ಪ್ಯಾರಲಲ್ ಆಗುತ್ತದೆ. ಎರಡು ವಾರ ಓಡಿಸಿದೆ. 4,000ದ ಮೇಲೆ ಬಹಳ ಚೆನ್ನಾಗಿತ್ತು, ನಡುವೆ ಬೀಳುವ ಗೋಳು ಇಲ್ಲ. ಆದರೆ ಕೆಳಗಿನ ಎಳೆತ ಪೂರ್ತಿ ಹೋಯಿತು. ಊರೊಳಗೆ 50ರ ಮಿತಿ, ಎಂಜಿನ್ ಇರುವುದು 1,500ರಿಂದ 2,500ರಲ್ಲಿ. ಅಲ್ಲಿ ಕಾರು ಸತ್ತ ಹಾಗೆ. ವಾಪಸ್ ಬಿಚ್ಚಿದೆ.

2019ರ ಕೊನೆಗೆ ಸಿಂಗಲ್ ಮಾಡಿಸಿದೆ. ಇಲ್ಲಿ ನನ್ನ ತಪ್ಪನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಇದನ್ನೇ ಮಾಡುತ್ತಾರೆ. ನಾನು ಡೈನೊ ಶೀಟಿನ ತುದಿಯ ಅಂಕಿ ನೋಡಿ ಟರ್ಬೊ ಆರಿಸಿದೆ. 67 ಮಿ.ಮೀ. ಕಂಪ್ರೆಸರ್ (ಗಾಳಿ ಒತ್ತುವ ಚಕ್ರ), ಹೊಗೆಗೆ ಒಂದೇ ದಾರಿ ಇರುವ ಸಾದಾ ಹೌಸಿಂಗ್ (ಟರ್ಬೊದ ಕವಚ). 1.3 ಬಾರ್‌ನಲ್ಲಿ ಚಕ್ರಕ್ಕೆ 368 ಕಿಲೋವ್ಯಾಟ್. ಕಾಗದ ಕೈಗೆ ಬಂದ ದಿನ ನನಗಾದ ಖುಷಿ ಹೇಳತೀರದು. ಮಾರನೇ ದಿನ ಆಫೀಸಿಗೆ ಹೋಗುವಾಗ ಗೊತ್ತಾಯಿತು, ಆ ಬಲವೆಲ್ಲ ಇರುವುದು 4,700ರ ಮೇಲೆ. ಮೋಟಾರ್‌ವೇಗೆ ಸೇರುವಾಗ ಪೆಡಲ್ ಒತ್ತಿ ಕಾಯಬೇಕು. ಕಾಯ್ದು ಕಾಯ್ದು, ಬಂದಾಗ ಒಮ್ಮೆಲೇ ಎಲ್ಲ ಬರುತ್ತಿತ್ತು. ಮಳೆಯಲ್ಲಿ ಹಿಂದಿನ ಟೈರ್ ಜಾರುತ್ತಿತ್ತು. ಕೈಮಾಯ್ ಘಾಟಿಯಲ್ಲಿ ಬೂಸ್ಟ್ ಹೊಡೆದ ಏಟಿಗೆ ಮಗಳು ಎದ್ದು ಅತ್ತಳು. ಹೆಂಡತಿ ಏನೂ ಅನ್ನಲಿಲ್ಲ. ಮುಂದಿನ ವಾರದಿಂದ ತನ್ನ ಕಾರನ್ನೇ ತೆಗೆದಳು.

ಹಾಗಾದರೆ ದೊಡ್ಡ ಟರ್ಬೊ ಕೆಟ್ಟದ್ದಾ? ಅಲ್ಲ. ಹ್ಯಾಂಪ್ಟನ್ ಡೌನ್ಸ್ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಿದಾಗ ಅದರಷ್ಟು ಮಜಾ ಇನ್ನಾವುದೂ ಕೊಟ್ಟಿಲ್ಲ. ಅಲ್ಲಿ ಎಂಜಿನ್ 5,000ದಿಂದ ಕೆಳಗೆ ಇಳಿಯುವುದೇ ಅಪರೂಪ. ಆದರೆ ನಾನು ಟ್ರ್ಯಾಕಿಗೆ ಹೋಗುವುದು ವರ್ಷಕ್ಕೆ ಎರಡು ದಿನ. ಆಫೀಸಿಗೆ ಹೋಗುವುದು 230 ದಿನ.

ಆ ಸೆಟಪ್‌ನಲ್ಲೇ ಇನ್ನೊಂದು ಪೆಟ್ಟು ಬಿತ್ತು. ಕಡಿಮೆ ಬೆಲೆಗೆ ಸಿಕ್ಕಿದ ತೆಳು ಪೈಪಿನ ಮ್ಯಾನಿಫೋಲ್ಡ್ (ಸಿಲಿಂಡರಿನ ಹೊಗೆಯನ್ನು ಟರ್ಬೊಗೆ ಒಯ್ಯುವ ಪೈಪುಗಳ ಜೋಡಣೆ) ಒಂಬತ್ತು ತಿಂಗಳಿಗೆ ವೆಲ್ಡಿಂಗ್ ಹತ್ತಿರ ಬಿರುಕು ಬಿಟ್ಟಿತು. ಮೊದಲು ಟಿಕ್ ಟಿಕ್ ಶಬ್ದ, ಆಮೇಲೆ ಬೂಸ್ಟ್ ಇನ್ನೂ ತಡ. ಟರ್ಬೊ ಭಾರವನ್ನೆಲ್ಲ ಹೊರುವುದು ಮ್ಯಾನಿಫೋಲ್ಡ್. ಅಲ್ಲಿ ಮಾತ್ರ ಕಾಸು ಉಳಿಸಲು ಹೋಗಬೇಡಿ. ದಪ್ಪ ಸ್ಟೀಮ್ ಪೈಪಿನದ್ದೋ ಎರಕ ಹೊಯ್ದದ್ದೋ ತಗೊಳ್ಳಿ.

2021ರಲ್ಲಿ ಮತ್ತೆ ಬಿಚ್ಚಿಸಿ ಈಗಿರುವುದನ್ನು ಹಾಕಿಸಿದೆ. ಬೋರ್ಗ್‌ವಾರ್ನರ್ ಎಸ್362 ಎಸ್‌ಎಕ್ಸ್-ಇ. 62 ಮಿ.ಮೀ. ಕಂಪ್ರೆಸರ್, ಟಿ4 ಟ್ವಿನ್ ಸ್ಕ್ರೋಲ್ ಹೌಸಿಂಗ್.

ಟ್ವಿನ್ ಸ್ಕ್ರೋಲ್ ಅಂದರೆ ಎರಡು ಟರ್ಬೊ ಅಲ್ಲ. ಒಂದೇ ಟರ್ಬೊ, ಆದರೆ ಹೊಗೆ ಒಳಗೆ ಬರುವ ದಾರಿ ಎರಡು. ಹೆಸರಿನಿಂದ ಮೋಸ ಹೋಗುವವರು ಬಹಳ ಜನ. ಬಿಎಂಡಬ್ಲ್ಯೂ ಎಂ340ಐ ಮೇಲಿನ ಟ್ವಿನ್‌ಪವರ್ ಟರ್ಬೊ ಎಂಬ ಬರಹ ನೋಡಿ ಅದರಲ್ಲಿ ಎರಡು ಟರ್ಬೊ ಇದೆ ಎಂದು ಬೆಂಗಳೂರಿನ ನನ್ನ ಕಸಿನ್ ವಾದ ಮಾಡಿದ್ದ. ಅದರ ಬಿ58 ಎಂಜಿನ್ನಿನಲ್ಲಿ ಇರುವುದು ಒಂದೇ, ಟ್ವಿನ್ ಸ್ಕ್ರೋಲ್‌ನದು. 2019ರಲ್ಲಿ ಬಂದ ಹೊಸ ಸುಪ್ರಾದ ಆರು ಸಿಲಿಂಡರಿನ ಮಾಡೆಲ್‌ನಲ್ಲೂ ಅದೇ ಎಂಜಿನ್. ಹಳೇ ಸುಪ್ರಾ ಎರಡು ಟರ್ಬೊದಿಂದ ಹೆಸರು ಮಾಡಿತು, ಹೊಸದು ಒಂದರಲ್ಲೇ ಕೆಲಸ ಮುಗಿಸಿತು. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ.

ಸಾಲು ಆರು ಸಿಲಿಂಡರಿಗೆ ಟ್ವಿನ್ ಸ್ಕ್ರೋಲ್ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಸಿಲಿಂಡರ್‌ಗಳು ಉರಿಯುವ ಸರದಿ 1-5-3-6-2-4. ಗಮನಿಸಿ ನೋಡಿ. ಮುಂದಿನ ಮೂರರಲ್ಲಿ ಒಂದು, ಹಿಂದಿನ ಮೂರರಲ್ಲಿ ಒಂದು, ಹೀಗೇ ಬದಲಾಗುತ್ತಾ ಹೋಗುತ್ತದೆ. ಮುಂದಿನ ಮೂರನ್ನು ಒಂದು ದಾರಿಗೆ, ಹಿಂದಿನ ಮೂರನ್ನು ಇನ್ನೊಂದು ದಾರಿಗೆ ಕೊಟ್ಟರೆ ಒಂದರ ಹೊಗೆಯ ಹೊಡೆತ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಪ್ರತಿ ಹೊಡೆತವೂ ಪೂರ್ತಿ ಬಲದಿಂದ ಚಕ್ರಕ್ಕೆ ಬೀಳುತ್ತದೆ. ಟರ್ಬೊ ಬೇಗ ಏಳುತ್ತದೆ. ಮ್ಯಾನಿಫೋಲ್ಡೂ ಕೊನೆಯ ತನಕ ಎರಡು ಭಾಗವಾಗಿರಬೇಕು, ಹೆಚ್ಚಾದ ಹೊಗೆಯನ್ನು ಹೊರಬಿಡುವ ವೇಸ್ಟ್‌ಗೇಟ್‌ಗೆ ಹೋಗುವ ಪೈಪೂ ಬೇರೆ ಬೇರೆ ಇರಬೇಕು. ನಡುವೆ ಎಲ್ಲಾದರೂ ಸೇರಿಸಿಬಿಟ್ಟರೆ ದುಡ್ಡು ದಂಡ.

ಈಗ 3,300ಕ್ಕೆ 1 ಬಾರ್, 3,600ಕ್ಕೆ 1.2 ಬಾರ್. ಅಲ್ಲಿಗೇ ಕಟ್ಟಿಹಾಕಿದ್ದೇನೆ. ಚಕ್ರಕ್ಕೆ 331 ಕಿಲೋವ್ಯಾಟ್. ದೊಡ್ಡ ಟರ್ಬೊಗಿಂತ ತುದಿಯಲ್ಲಿ 37 ಕಡಿಮೆ. ಆದರೆ 3,500ರಲ್ಲಿ ಟಾರ್ಕ್ (ಎಳೆಯುವ ಬಲ) ಒಂದೂವರೆ ಪಟ್ಟಿಗಿಂತ ಜಾಸ್ತಿ. ಕಳೆದುಕೊಂಡ ಆ 37 ನನಗೆ ಒಂದು ದಿನವೂ ನೆನಪಾಗಿಲ್ಲ. ಆದರೂ 2,500ರಲ್ಲಿ ಹಳೇ ಸೀಕ್ವೆನ್ಷಿಯಲ್‌ನ ಎಳೆತ ಇದಕ್ಕಿಲ್ಲ. ಬಾಂಬೆ ಹಿಲ್ಸ್‌ನಲ್ಲಿ ಈಗ ಒಂದು ಗೇರ್ ಇಳಿಯುತ್ತದೆ. ಅದು ಇವತ್ತಿಗೂ ಸ್ವಲ್ಪ ನೋವು ಕೊಡುತ್ತದೆ. ನನ್ನದು ನಾಲ್ಕು ಗೇರಿನ ಆಟೋಮ್ಯಾಟಿಕ್. ಟಾರ್ಕ್ ಕನ್ವರ್ಟರ್ ಸ್ವಲ್ಪ ಜಾರುವುದರಿಂದ ಲ್ಯಾಗ್ (ಬೂಸ್ಟ್ ಬರುವ ತನಕದ ತಡ) ಅರ್ಧ ಮುಚ್ಚಿಹೋಗುತ್ತದೆ. ಮ್ಯಾನ್ಯುಯಲ್ ಇರುವವರಿಗೆ ಅದೇ ಟರ್ಬೊ ಇನ್ನೂ ತಡ ಅನಿಸಬಹುದು. ಗೇರ್‌ಬಾಕ್ಸ್ ಒಮ್ಮೆ ಬಿಚ್ಚಿಸಿ ಒಳಗಿನ ಕ್ಲಚ್ ಪ್ಲೇಟ್ ಬದಲಿಸಿ, ದೊಡ್ಡ ಆಯಿಲ್ ಕೂಲರ್ ಹಾಕಿಸಿದ್ದೇನೆ.

44,000 ಕಿ.ಮೀ.ನಲ್ಲಿ ಏನೇನು ಕೆಟ್ಟಿತು? ಒಂದು ಗ್ಯಾಸ್ಕೆಟ್, ಒಂದು ಆಯಿಲ್ ರಿಟರ್ನ್ ಪೈಪಿನ ಜೋಡಣೆ. ಅಷ್ಟೇ. ಟ್ವಿನ್‌ನಲ್ಲಿ ಆಯಿಲ್ ಪೈಪು, ನೀರಿನ ಪೈಪು, ಗ್ಯಾಸ್ಕೆಟ್ಟು ಎಲ್ಲವೂ ಎರಡೆರಡು. ಮೇಲೆ ವಾಲ್ವು, ಸೊಲೆನಾಯ್ಡು, ಹೋಸು. ಇಲ್ಲಿ ಅವೆಲ್ಲ ಇಲ್ಲ. ಬಾನೆಟ್ ಎತ್ತಿದರೆ ಕೈ ಹೋಗುತ್ತದೆ. ನಾನು ಸಿಂಗಲ್‌ಗೆ ಹೋಗಿದ್ದು ಬಲ ಬೇಕೆಂದು. ಅಲ್ಲೇ ಉಳಿದಿದ್ದು ಈ ನೆಮ್ಮದಿಗೆ.

ಬಿಸಿಯ ಬಗ್ಗೆ ಒಂದು ಮಾತು. ಸ್ಟಿಯರಿಂಗ್ ಬಲಗಡೆ ಇರುವ ಕಾರಿನಲ್ಲಿ 2ಜೆಝಡ್‌ನ ಟರ್ಬೊ ಇರುವುದೂ ಬಲಗಡೆಯೇ, ಬ್ರೇಕ್ ಮಾಸ್ಟರ್ ಸಿಲಿಂಡರ್ ಮತ್ತು ಸ್ಟಿಯರಿಂಗ್ ಶಾಫ್ಟಿನ ಪಕ್ಕ. ಟರ್ಬೊಗೆ ಕಂಬಳಿ ಹೊದಿಸಿ, ನಡುವೆ ಹೀಟ್ ಶೀಲ್ಡ್ ಹಾಕಿಸಲೇಬೇಕು. ಬ್ರೇಕ್ ಆಯಿಲ್ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಬಲ ಆಮೇಲೆ, ನಿಲ್ಲುವುದು ಮೊದಲು, ಅಲ್ವಾ.

ಖರ್ಚು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಟರ್ಬೊ ಬೆಲೆ ನೋಡಿ ಲೆಕ್ಕ ಹಾಕಬೇಡಿ, ಅದು ಒಟ್ಟು ಖರ್ಚಿನ ಕಾಲು ಭಾಗವೂ ಅಲ್ಲ. ಮ್ಯಾನಿಫೋಲ್ಡ್, ಹೊರಗಿನ ವೇಸ್ಟ್‌ಗೇಟ್, ಡೌನ್‌ಪೈಪ್, ಇಂಟರ್‌ಕೂಲರ್, 1000 ಸಿಸಿ ಇಂಜೆಕ್ಟರ್, ಪೆಟ್ರೋಲ್ ಪಂಪ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಟ್ಯೂನಿಂಗ್ ಎಲ್ಲ ಸೇರಿ ನನಗೆ ಸುಮಾರು 14,000 ನ್ಯೂಜಿಲೆಂಡ್ ಡಾಲರ್. ಮೊದಲೇ ಚಿಕ್ಕ ಟರ್ಬೊ ಆರಿಸಿದ್ದರೆ ಇದರಲ್ಲಿ 5,000 ಉಳಿಯುತ್ತಿತ್ತು. ಇಸಿಯು ನಮ್ಮ ಕ್ರೈಸ್ಟ್‌ಚರ್ಚ್‌ನಲ್ಲೇ ಇರುವ ಲಿಂಕ್ ಕಂಪನಿಯದು. ಇಡೀ ಪ್ರಾಜೆಕ್ಟಿನಲ್ಲಿ ಕಣ್ಣು ಮುಚ್ಚಿ ಮತ್ತೆ ಕೊಳ್ಳುವ ವಸ್ತು ಅದೊಂದೇ. ಪೆಟ್ರೋಲ್ 98 ಆಕ್ಟೇನ್ ಮಾತ್ರ. ಊರೊಳಗೆ 100 ಕಿ.ಮೀ.ಗೆ 15 ಲೀಟರ್ ಕುಡಿಯುತ್ತದೆ.

ಕಾನೂನನ್ನು ಬಿಟ್ಟು ಹೋಗುವ ಹಾಗಿಲ್ಲ. ಇಲ್ಲಿ ಇಂಥ ಬದಲಾವಣೆಗೆ ಎಲ್‌ವಿವಿ ಸರ್ಟಿಫಿಕೇಟ್ ಬೇಕು. ಅಧಿಕೃತ ಪರೀಕ್ಷಕರು ಬಂದು ಬ್ರೇಕ್, ಪೈಪು, ಜೋಡಣೆ ಎಲ್ಲ ನೋಡಿ ಒಪ್ಪಿದರೆ ಒಂದು ಲೋಹದ ಪಟ್ಟಿ ಕೊಡುತ್ತಾರೆ. ಅದಿಲ್ಲದಿದ್ದರೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರಂಟ್ ತಪಾಸಣೆಯಲ್ಲಿ ಕಾರು ನಿಂತುಬಿಡುತ್ತದೆ. ಇನ್ಶೂರೆನ್ಸಿನವರಿಗೂ ಎಲ್ಲ ಬರೆದು ತಿಳಿಸಿದ್ದೇನೆ, ಪ್ರೀಮಿಯಂ ಸ್ವಲ್ಪ ಏರಿತು. ಕರ್ನಾಟಕದಲ್ಲಿ ಓದುತ್ತಿರುವವರಿಗೆ ಹೇಳಬೇಕಾದ್ದು ಬೇರೆಯೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅಲ್ಲಿ ರಸ್ತೆಗೆ ಇಳಿಯುವ ಕಾರಿನ ಮೇಲೆ ಇಂಥ ಕೆಲಸ ಮಾಡಿಸಲು ನಾನು ಯಾರಿಗೂ ಹೇಳುವುದಿಲ್ಲ.

ಬೇರೆ ಎಂಜಿನ್ ಇರುವವರಿಗೆ ಚುಟುಕಾಗಿ ಹೇಳುತ್ತೇನೆ. ನಾಲ್ಕು ಸಿಲಿಂಡರ್ ಪೆಟ್ರೋಲ್ ಆದರೆ ಟ್ವಿನ್ ಬಗ್ಗೆ ಯೋಚನೆಯೇ ಬೇಡ, ಒಳ್ಳೆಯ ಟ್ವಿನ್ ಸ್ಕ್ರೋಲ್ ಸಿಂಗಲ್ ಸಾಕು. ವಿ6, ವಿ8 ಆದರೆ ಹೊಗೆ ಎರಡು ಕಡೆಯಿಂದ ಬರುತ್ತದೆ. ಅಲ್ಲಿ ಒಂದೊಂದು ಬದಿಗೆ ಒಂದೊಂದು ಟರ್ಬೊ ಇಡುವುದೇ ಸಹಜ. ಸಿಂಗಲ್ ಮಾಡಲು ಹೋದರೆ ಎಂಜಿನ್ ಸುತ್ತ ಪೈಪು ಸುತ್ತಬೇಕು. ಸಾಲು ಆರು ಆದರೆ ನನ್ನ ಹಾಗೆ ಎರಡೂ ದಾರಿ ಇವೆ. ನಿಮ್ಮ ಸೀಕ್ವೆನ್ಷಿಯಲ್ ಇನ್ನೂ ಗಟ್ಟಿಯಾಗಿದ್ದು, 1 ಬಾರ್ ಒಳಗಿನ ಬಲ ಸಾಕು ಅನಿಸಿದರೆ, ಅದನ್ನು ಬಿಚ್ಚಲೇಬೇಡಿ. ಬಿಚ್ಚುವುದೇ ಆದರೆ ದಿನಾ ಓಡಿಸುವ ಆರ್‌ಪಿಎಂ ಯಾವುದು ಎಂದು ಒಂದು ವಾರ ಮೀಟರ್ ನೋಡಿ ಬರೆದಿಟ್ಟುಕೊಳ್ಳಿ. ಆ ಚೀಟಿ ತಗೊಂಡು ಟ್ಯೂನರ್ ಹತ್ತಿರ ಹೋಗಿ.

ನನ್ನ ಹಳೇ ಜೋಡಿ ಟರ್ಬೊಗಳನ್ನು ಐದು ವರ್ಷ ಗ್ಯಾರೇಜಿನಲ್ಲಿ ಎಣ್ಣೆ ಸವರಿ, ಬಟ್ಟೆ ಸುತ್ತಿ ಇಟ್ಟಿದ್ದೆ. ಕಳೆದ ವರ್ಷ ಹ್ಯಾಮಿಲ್ಟನ್‌ನ ಹುಡುಗನೊಬ್ಬ ತನ್ನ ಅರಿಸ್ಟೊವನ್ನು ಮತ್ತೆ ಮೊದಲಿನಂತೆ ಮಾಡಬೇಕು ಎಂದು ಹುಡುಕಿಕೊಂಡು ಬಂದ. ಯಾರೋ ಅದಕ್ಕೆ ಅರೆಬರೆ ಸಿಂಗಲ್ ಹಾಕಿಸಿ ಮಾರಿದ್ದರಂತೆ. ವಾಲ್ವು, ಆಕ್ಚುವೇಟರ್ ಎಲ್ಲ ಸೇರಿಸಿ ಕೊಟ್ಟೆ. ಹೋಸ್ ಮಾತ್ರ ಒಂದೂ ಕೊಡಲಿಲ್ಲ. ಎಲ್ಲ ಹೊಸದೇ ಹಾಕು ಎಂದು ಯಾವುದು ಎಲ್ಲಿಗೆ ಹೋಗುತ್ತದೆ ಎಂಬ ಚಿತ್ರ ಬರೆದುಕೊಟ್ಟೆ. ಎರಡು ತಿಂಗಳಾದ ಮೇಲೆ ಅವನ ಫೋನ್ ಬಂತು. ಬಾಂಬೆ ಹಿಲ್ಸ್ ಹತ್ತಿ ಈಗಷ್ಟೇ ಮೇಲೆ ನಿಲ್ಲಿಸಿದ್ದೇನೆ, 4,000ದಲ್ಲಿ ಮುಳ್ಳು ಅಲ್ಲಾಡಲಿಲ್ಲ ಅಂದ.